ಅಪ್ಪ ‘ಎಸ್’ ಅಂದದ್ದು

ಶ್ರೀಧರ (ಮೈಸೂರು): [ಫಾರ್ವರ್ಡ್] ಅಮೆರಿಕದಲ್ಲಿ ಕೊಲೆಸ್ಟರಾಲ್ ಮಾತ್ರೆ ಬರೆಯುವುದರಲ್ಲೂ ತಾರತಮ್ಯ. ಕಪ್ಪು ಜನರಿಗೆ, ಲ್ಯಾಟಿನೋಗಳಿಗೆ ಕಡಿಮೆ.
ಅಣ್ಣನಿಗೂ ಇದೇ ಆಗಿದೆ. ಇಲ್ಲಿ ರೋಸುವಾಸ್ಟಾಟಿನ್ ಅನ್ನುವ ಕೊಲೆಸ್ಟರಾಲ್ ಮಾತ್ರೆ 10, 20 ಮಿಲಿಗ್ರಾಂ ಬರೆಯುತ್ತಾರೆ. ಅಲ್ಲಿ ಬರೀ 5 ಕೊಟ್ಟಿದ್ದಾರೆ.

ಮೇಘನಾ (ಫ್ರೀಮಾಂಟ್, ಅಮೆರಿಕ): ಚಿಕ್ಕಪ್ಪ, ಆ 5 ಅನ್ಯಾಯ ಅಲ್ಲ. ಏಷ್ಯಾದವರ ರಕ್ತದಲ್ಲಿ ಆ ಔಷಧಿ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಏರುತ್ತದೆ. 5ರಿಂದ ಶುರು ಮಾಡಿ ಅಂತ ಇಲ್ಲಿನ ಔಷಧಿಯ ಲೇಬಲ್‌ನಲ್ಲೇ ಇದೆ. ಆಮೇಲೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ನೋಡಿ ಜಾಸ್ತಿ ಮಾಡಬಹುದು. ಅಪ್ಪನಿಗೆ ಆ ‘ಆಮೇಲೆ’ ಬರಲೇ ಇಲ್ಲ. ಮಾತ್ರೆಯನ್ನೇ ನಿಲ್ಲಿಸಿದ್ದಾರೆ.

ಸುಧಾ (ಹಾಸನ): ನಿಲ್ಲಿಸಿದ್ದಾರಾ? ಯಾಕೆ?

ಮೇಘನಾ: ಅತ್ತೆ, ಅವತ್ತು ಅಪ್ಪ ಒಬ್ಬರೇ ಒಳಗೆ ಹೋಗಿದ್ದರು. ಡಾಕ್ಟರ್ ಇಂಗ್ಲಿಷಿನಲ್ಲಿ ‘ಮೈಕೈ ನೋವೇನೂ ಇಲ್ಲ ಅಲ್ವಾ?’ ಅಂತ ಕೇಳಿದ್ದಾರೆ. ಅಪ್ಪ ‘ಎಸ್’ ಅಂದಿದ್ದಾರೆ. ನಮ್ಮಲ್ಲಿ ‘ಹೌದು, ಇಲ್ಲ’ ಅಂತೀವಲ್ಲ, ಹಾಗೆ. ಡಾಕ್ಟರಿಗೆ ಅದು ‘ನೋವಿದೆ’ ಅಂತ ಕೇಳಿಸಿದೆ. ಸ್ಟಾಟಿನ್ ಅಂದರೆ ಈ ಥರದ ಕೊಲೆಸ್ಟರಾಲ್ ಮಾತ್ರೆಗಳು, ಅವುಗಳಿಂದ ಕೆಲವರಿಗೆ ಸ್ನಾಯು ನೋವು ಬರುತ್ತದೆ, ಅದಕ್ಕೇ ಕೇಳುವುದು. ರಿಪೋರ್ಟಿನಲ್ಲಿ ‘ಸ್ನಾಯು ನೋವು, ಸ್ಟಾಟಿನ್ ನಿಲ್ಲಿಸಿದೆ’ ಅಂತ ಓದಿ ನನಗೆ ಅಳುವೇ ಬಂತು.

ಶ್ರೀಧರ: ಹಾಗಾದರೆ ಇದು ಭಾಷೆಯ ತೊಂದರೆ. ಜನಾಂಗದ ಮಾತು ಬೇರೆ. ಇದರಲ್ಲಿ ಡಾಕ್ಟರ್ ತಪ್ಪೇನು?

ಮೇಘನಾ: ತಪ್ಪಿದೆ ಚಿಕ್ಕಪ್ಪ. ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆ ಇಂಗ್ಲಿಷ್ ಸರಿಯಾಗಿ ಬಾರದವರಿಗೆ ದುಭಾಷಿಯನ್ನು ಕೊಡಬೇಕು, ಅದೂ ಪುಕ್ಕಟೆ. 2010ರ ಆರೋಗ್ಯ ಕಾಯ್ದೆಯಲ್ಲೂ ಇದಿದೆ. ಅಪ್ಪನಿಗೆ ಬೇಕಾ ಅಂತ ಯಾರೂ ಕೇಳಲಿಲ್ಲ. ನಮ್ಮವರಿಗೆ ಹೃದಯದ ಅಪಾಯ ಜಾಸ್ತಿ. ಮಾತ್ರೆ ಬೇಕೋ ಬೇಡವೋ ಅಂತ ತೂಗುವಾಗ ದಕ್ಷಿಣ ಏಷ್ಯಾದ ಮೂಲವನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ ಇಲ್ಲಿನ ಹೃದ್ರೋಗ ತಜ್ಞರ 2018ರ ಮಾರ್ಗಸೂಚಿಯೇ ಹೇಳುತ್ತದೆ. ಅಂಥವರ ಮಾತ್ರೆಯನ್ನು ಒಂದೇ ಒಂದು ‘ಎಸ್’ ನಂಬಿ ನಿಲ್ಲಿಸಬಹುದಾ?

ಶ್ರೀಧರ: ಕಪ್ಪು ಜನರಿಗೆ ಇಂಗ್ಲಿಷ್ ಬರುತ್ತದಲ್ಲ. ಅವರಿಗೆ ಯಾಕೆ ಕಡಿಮೆ? ಅವರೇ ಬೇಡ ಅನ್ನುತ್ತಾರೇನೋ.

ಮೇಘನಾ: ಕೆಲವರು ಅನ್ನುತ್ತಾರೆ. ಪಾಮ್ ಅನ್ನುವ ಅಧ್ಯಯನದಲ್ಲಿ ಅವರಿಗೆ ಸ್ಟಾಟಿನ್ ಮೇಲೆ ನಂಬಿಕೆ ಕಡಿಮೆ ಇತ್ತು. ಆದರೆ ಮಾತ್ರೆ ತಗೊಳ್ಳುತ್ತಿದ್ದವರಲ್ಲೂ ಸರಿಯಾದ ಪ್ರಮಾಣ ಸಿಕ್ಕವರು ಬಿಳಿಯರಿಗಿಂತ ಕಡಿಮೆ. ಅಲ್ಲಿ ಪ್ರಮಾಣ ಬರೆದವರು ಯಾರು?

ಸುಧಾ: ನಂಬಿಕೆ ಸುಮ್ನೆ ಹೋಗುವುದಿಲ್ಲ ಶ್ರೀಧರ. ಅಮೆರಿಕದ ಟಸ್ಕಿಗಿ ಊರಲ್ಲಿ 1932ರಿಂದ 1972ರವರೆಗೆ ಸರ್ಕಾರಿ ಡಾಕ್ಟರುಗಳು ಕಪ್ಪು ಗಂಡಸರ ಸಿಫಿಲಿಸ್ ಕಾಯಿಲೆಗೆ ಚಿಕಿತ್ಸೆ ಕೊಡದೆ ನೋಡುತ್ತಾ ಕೂತರು. ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಆ ಮನೆಗಳ ಮಕ್ಕಳು, ಮೊಮ್ಮಕ್ಕಳು ಇವತ್ತೂ ಇದ್ದಾರೆ.

ಶ್ರೀಧರ: ಅದು ಗೊತ್ತಿರಲಿಲ್ಲ ಅಕ್ಕ. ಆದರೂ ಎಲ್ಲ ಡಾಕ್ಟರುಗಳನ್ನೂ ಒಂದೇ ತಕ್ಕಡಿಗೆ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಮೇಘನಾ, ಅಣ್ಣನಿಗೆ ಮತ್ತೆ ಯಾವಾಗ ಅಪಾಯಿಂಟ್‌ಮೆಂಟ್?

ಮೇಘನಾ: ಗುರುವಾರ. ಕನ್ನಡದ ದುಭಾಷಿ ಬೇಕು ಅಂತ ಬರೆದು ಕಳಿಸಿದ್ದೇನೆ. ಅಪ್ಪನಿಗೆ ಸಂಕೋಚ, ‘ನನಗೆ ಇಂಗ್ಲಿಷ್ ಬರುತ್ತೆ’ ಅಂತಾರೆ. ನೀವೇ ಒಮ್ಮೆ ಹೇಳಿ.

ಶ್ರೀಧರ: ಈಗಲೇ ಫೋನ್ ಮಾಡುತ್ತೇನೆ.