ಅಘನಾಶಿನಿಯ ಏಡಿಯನ್ನು ಬಿಡಿಸಿದರೆ ಎಲ್ಲರೂ ‘ಕಿಂಗ್ಲರ್’ ಎನ್ನುತ್ತಾರೆ, ಏನು ಮಾಡಲಿ?

ಗಜನಿಯ ಹುಡುಗಿ (ಕುಮಟಾ):
ಪೊಕೆಮಾನ್ ಎಂಬ ಜಪಾನಿನ ವಿಡಿಯೋ ಆಟದ ಜೀವಿಗಳ ಧಾಟಿಯಲ್ಲಿ ಸ್ವಂತ ಜೀವಿಗಳನ್ನು ಕಲ್ಪಿಸಿ ಬಿಡಿಸುವ ಫೇಕ್‌ಮಾನ್ ಕಲಾವಿದರ ಬಳಗವೊಂದರಲ್ಲಿ ನಾನಿದ್ದೇನೆ. ಉತ್ತರ ಕನ್ನಡವನ್ನೇ ಆಟದ ಒಂದು ಪ್ರಾಂತವೆಂದುಕೊಂಡು ಚಿತ್ರಮಾಲೆ ಮಾಡುತ್ತಿದ್ದೇನೆ. ದಾಂಡೇಲಿಯ ಮಂಗಟ್ಟೆಯನ್ನೂ ಸಿದ್ದಾಪುರದ ಕಡೆಯ ಸಿಂಗಳೀಕವನ್ನೂ ಬಳಗದವರು ಮೆಚ್ಚಿದರು. ಆದರೆ ಇಳಿತದ ಹೊತ್ತಿಗೆ ಅಘನಾಶಿನಿಯ ಕೆಸರಿನಿಂದ ಹೊರಬರುವ, ಒಂದು ಕೈ ಮಾತ್ರ ದೊಡ್ಡದಾಗಿರುವ ಪುಟ್ಟ ಏಡಿಯನ್ನು ಹಾಕಿದ್ದೇ ತಡ, ಎಲ್ಲರದೂ ಒಂದೇ ಮಾತು: “ಇದು ಪೊಕೆಮಾನ್ ಆಟದ ಏಡಿ ಕಿಂಗ್ಲರ್‌ನ ನಕಲು.” ಬೇರೆಯಾಗಿ ಕಾಣಲೆಂದು ಯಕ್ಷಗಾನದ ಕಿರೀಟ, ಭುಜಕೀರ್ತಿ ತೊಡಿಸಿದೆ. ಆಗಲೂ ಅದೇ ಮಾತು. ಈ ಏಡಿಯನ್ನು ಕೈಬಿಡಲು ನನಗೆ ಮನಸ್ಸೇ ಇಲ್ಲ. ಏನು ಬದಲಿಸಬೇಕು? ಇನ್ನೊಂದು ಪ್ರಶ್ನೆ: ಇವನ್ನು ಸ್ಟಿಕ್ಕರ್ ಮಾಡಿ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಮಾರಬಹುದೇ?

ಕಾಳಿ ದಂಡೆ (ಕಾರವಾರ):
ಬಿಡಬೇಡಿ. ದೊಡ್ಡ ಕೈಯ ಏಡಿ ಯಾರೊಬ್ಬರ ಸೊತ್ತೂ ಅಲ್ಲ.

ಪೊಕೆಮಾನ್‌ನಲ್ಲೇ ಎಷ್ಟು ಏಡಿಗಳಿವೆ ನೋಡಿ. 1996ರ ಮೊದಲ ಆಟದ ಕಿಂಗ್ಲರ್‌ನ ಕೈಗೆ ಹತ್ತು ಸಾವಿರ ಅಶ್ವಶಕ್ತಿ. ಆದರೆ ಅದು ಗುರಿಯಿಡಲಾಗದಷ್ಟು ಭಾರ. 2010ರ ಡ್ವೆಬಲ್ ಕಲ್ಲನ್ನು ಕರಗಿಸಿ ಕೊರೆದು, ಅದನ್ನೇ ಮನೆಯಾಗಿ ಹೊತ್ತು ತಿರುಗುತ್ತದೆ. 2016ರ ಕ್ರಾಬ್ರಾಲರ್ ಮುಷ್ಟಿಯುದ್ಧದ ಪಟು. 2022ರ ಕ್ಲಾಫ್ ಬಂಡೆಗೆ ತಲೆಕೆಳಗಾಗಿ ಜೋತುಬಿದ್ದು ಬೇಟೆಗೆ ಹೊಂಚುಹಾಕುತ್ತದೆ. ನಾಲ್ಕೂ ಏಡಿಗಳೇ, ಆದರೂ ಒಂದನ್ನು ನೋಡಿ ಇನ್ನೊಂದೆಂದು ಯಾರೂ ಹೇಳುವುದಿಲ್ಲ. ಪ್ರತಿಯೊಂದಕ್ಕೂ ತನ್ನದೇ ಆದ ಕಸುಬಿದೆ. ನಿಮ್ಮ ಏಡಿಗೆ ಒಡವೆಯಿದೆ, ಕಸುಬಿಲ್ಲ. ಬಳಗದವರ ಕಣ್ಣಿಗೆ ಬಿದ್ದಿರುವುದು ಇದೇ ಎಂದು ನನಗನಿಸುತ್ತದೆ.

ಕಾಳಿ ನದಿಯ ಅಳಿವೆಯ ಬಳಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ನಾನು ಈ ಏಡಿಗಳನ್ನು ನೋಡುತ್ತಾ ಕೂರುತ್ತೇನೆ. ಗಂಡಿನ ದೊಡ್ಡ ಕೈ ತಿನ್ನುವುದಕ್ಕೆ ಉಪಯೋಗಕ್ಕೇ ಬರುವುದಿಲ್ಲ. ಅದು ಹೆಣ್ಣನ್ನು ಕರೆಯಲು, ಎದುರಾಳಿಯನ್ನು ಹೆದರಿಸಲು ಎತ್ತಿ ಬೀಸುವ ಕೈ. ಊಟವೆಲ್ಲ ಚಿಕ್ಕ ಕೈಯಿಂದಲೇ: ಕೆಸರನ್ನು ಚಿವುಟಿ ಬಾಯಿಗಿಟ್ಟು, ಅದರಲ್ಲಿನ ಪಾಚಿಯ ಅಂಶವನ್ನು ಸೋಸಿಕೊಂಡು, ಉಳಿದ ಮಣ್ಣನ್ನು ಪುಟ್ಟ ಉಂಡೆ ಮಾಡಿ ಕೆಳಗಿಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಬಿಲದ ಸುತ್ತ ಸಾಸಿವೆ ಚೆಲ್ಲಿದಂತೆ ಉಂಡೆಗಳು ತುಂಬಿರುತ್ತವೆ. ಅವು ಕೊರೆಯುವ ಬಿಲಗಳಿಂದ ಕಾಂಡ್ಲಾ ಬೇರುಗಳಿಗೆ ಗಾಳಿ ಸಿಗುತ್ತದೆ. ಹೆಣ್ಣಿಗೆ ಎರಡೂ ಕೈ ಚಿಕ್ಕವು.

ಬೇಕಾದದ್ದೆಲ್ಲ ಇಲ್ಲೇ ಇದೆ. ಕಿಂಗ್ಲರ್ ಬರಿಯ ನೀರಿನ ಜೀವಿ. ನಿಮ್ಮದು ನೆಲ ಮತ್ತು ನೀರು ಎರಡರದೂ ಆಗಲಿ. ದೊಡ್ಡ ಕೈ ಹೊಡೆಯುವ ಆಯುಧವಾಗದೆ ಸನ್ನೆ ಮಾಡುವ ಬಾವುಟವಾಗಲಿ. ಮಣ್ಣಿನ ಉಂಡೆ ಎಸೆಯುವುದು ಅದರ ವರಸೆಯಾಗಲಿ. ಗಂಡು ಹೆಣ್ಣಿನ ರೂಪ ಬೇರೆ ಬೇರೆಯಾಗಿ ಕಾಣುವುದು 2006ರ ಡೈಮಂಡ್, ಪರ್ಲ್ ಆಟಗಳಿಂದಲೇ ಇದೆ, ಆದ್ದರಿಂದ ಎರಡನ್ನೂ ಬಿಡಿಸಿ. ಕಿರೀಟವನ್ನು ಮಾತ್ರ ತೆಗೆದುಬಿಡಿ. ಈ ಆಟವನ್ನು ಕಟ್ಟಿದ ಸತೋಶಿ ತಜಿರಿ ಬಾಲ್ಯದಲ್ಲಿ ಹುಳುಹುಪ್ಪಟೆ ಹಿಡಿಯುತ್ತಿದ್ದವರು. ಆ ಹವ್ಯಾಸದಿಂದಲೇ ಆಟದ ಕಲ್ಪನೆ ಹುಟ್ಟಿತು. ನಮ್ಮ ಬಳಗದಲ್ಲಿ ಪರದೆಯ ಮೇಲಿನ ಚಿತ್ರಗಳನ್ನೇ ನೋಡಿ ಬಿಡಿಸುವವರು ಹೆಚ್ಚಾಗುತ್ತಿದ್ದಾರೆ. ಕೆಸರಿಗಿಳಿದು ನೋಡಬಲ್ಲ ನೀವೂ ಹಾಗೆ ಮಾಡಬಾರದು ಎಂಬುದು ನನ್ನ ಕಳಕಳಿಯ ಕೋರಿಕೆ.

ಅಡಿಕೆ ಚಪ್ಪರ (ಶಿರಸಿ):
ಕಿರೀಟದ ವಿಷಯದಲ್ಲಿ ನಾನು ಪೂರ್ತಿ ಒಪ್ಪುವುದಿಲ್ಲ. 2016ರ ಆಟದಲ್ಲಿ ಒರಿಕೋರಿಯೋ ಎಂಬ ಹಕ್ಕಿ ಬಂತಲ್ಲ, ಕುಡಿದ ಮಕರಂದಕ್ಕೆ ತಕ್ಕಂತೆ ನಾಲ್ಕು ಬಗೆಯ ನೃತ್ಯದ ರೂಪ ತಾಳುವುದು? ಅವುಗಳಲ್ಲೊಂದರಲ್ಲಿ ಕುಣಿತದ ಬೀಸಣಿಗೆಯಾಗಿರುವುದು ಅದರ ರೆಕ್ಕೆಯೇ. ವೇಷವನ್ನು ಮೈಮೇಲೆ ಹೇರಬಾರದು, ಮೈಯಿಂದಲೇ ಬೆಳೆಯಿಸಬೇಕು. ನಮ್ಮ ಬೇಡರ ವೇಷದವನ ಬೆನ್ನಿಗೆ ನವಿಲುಗರಿ ಹರಡಿರುವುದನ್ನು ನೀವು ನೋಡಿರುತ್ತೀರಿ. ಆ ಕುಣಿತದ ಆರ್ಭಟ ಏಡಿ ಕೈ ಬೀಸುವ ಭಂಗಿಯಲ್ಲಿ ಬಂದರೆ ಸಾಕು, ಗರಿಯೂ ಬೇಡ, ಕಿರೀಟವೂ ಬೇಡ.

ಸ್ಟಿಕ್ಕರ್ ಬಗ್ಗೆ: ನಾನು ಮುದ್ರಣದ ಕೆಲಸದಲ್ಲಿರುವುದರಿಂದ ಹೇಳುತ್ತೇನೆ. ಪಿಕಾಚು, ಕಿಂಗ್ಲರ್ ಚಿತ್ರಗಳನ್ನು ಅಚ್ಚು ಹಾಕಿ ಮಾರಬೇಡಿ. ಅವುಗಳ ಹಕ್ಕು ನಿಂಟೆಂಡೊ, ಗೇಮ್ ಫ್ರೀಕ್, ಕ್ರಿಯೇಚರ್ಸ್ ಸಂಸ್ಥೆಗಳದು. ನೀವೇ ಕಲ್ಪಿಸಿದ ಏಡಿಯ ಚಿತ್ರ ನಿಮ್ಮದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಆ ಹಕ್ಕಿಗೆ ನೋಂದಣಿಯೂ ಕಡ್ಡಾಯವಲ್ಲ. ಆದರೆ ಸ್ಟಿಕ್ಕರ್ ಮೇಲೆ ಪೊಕೆಮಾನ್ ಎಂಬ ಹೆಸರಾಗಲಿ, ಆಟದಲ್ಲಿ ಜೀವಿಗಳನ್ನು ಹಿಡಿಯುವ ಆ ಕೆಂಪು-ಬಿಳಿ ಚೆಂಡಾಗಲಿ ಇರಬಾರದು. ಮೂಲೆಯಲ್ಲಿ ನಿಮ್ಮ ಸಹಿ ಇರಲಿ. ಹೆಸರಿಲ್ಲದ ಚಿತ್ರವನ್ನು ಯಾರೋ ಎತ್ತಿಕೊಂಡು ತಮ್ಮದೆಂದು ಹಂಚುವುದನ್ನು ನೋಡಿ ನನಗೆ ತುಂಬಾ ಸಂಕಟವಾಗಿದೆ.

ಗಜನಿಯ ಹುಡುಗಿ (ಕುಮಟಾ):
ಇಬ್ಬರಿಗೂ ಧನ್ಯವಾದ. ಹೆಣ್ಣು ಏಡಿಯನ್ನು ನಾನು ಯೋಚಿಸಿಯೇ ಇರಲಿಲ್ಲ; ಉಂಡೆ ಕಟ್ಟುವ ಭಂಗಿಯಲ್ಲಿ ಮೊದಲು ಅದನ್ನೇ ಬಿಡಿಸುತ್ತೇನೆ. ಹಳೆಯ ಗೇಮ್ ಬಾಯ್ ಅಡ್ವಾನ್ಸ್ (ಕೈಯಲ್ಲಿ ಹಿಡಿದು ಆಡುವ ಯಂತ್ರ) ಆಟಗಳಂತೆ 64×64 ಪಿಕ್ಸೆಲ್‌ನಲ್ಲಿ ಮಾಡುತ್ತಿದ್ದೇನೆ. ದೊಡ್ಡದು ಮಾಡಿದರೆ ಅಂಚೆಲ್ಲ ಮಸುಕಾಗುತ್ತದೆ, ಅದಕ್ಕೇನು ಪರಿಹಾರ?

ಕಾಳಿ ದಂಡೆ (ಕಾರವಾರ):
ಹಿಗ್ಗಿಸುವಾಗ ಚಿತ್ರದ ತಂತ್ರಾಂಶದಲ್ಲಿ, ಅಕ್ಕಪಕ್ಕದ ಬಣ್ಣಗಳನ್ನು ಬೆರೆಸದ ‘ನಿಯರೆಸ್ಟ್ ನೇಬರ್’ ವಿಧಾನವನ್ನು ಆಯ್ಕೆ ಮಾಡಿ, ನಾಲ್ಕು ಪಟ್ಟು, ಎಂಟು ಪಟ್ಟು ಹೀಗೆ ಪೂರ್ಣ ಸಂಖ್ಯೆಯಲ್ಲೇ ಹಿಗ್ಗಿಸಿ. ಜೆಪೆಗ್ ಬೇಡ, ಪಿಎನ್‌ಜಿಯಲ್ಲಿ ಉಳಿಸಿ. ಆ ಆಟಗಳ ಚಿತ್ರವೊಂದಕ್ಕೆ ಪಾರದರ್ಶಕ ಹಿನ್ನೆಲೆ ಬಿಟ್ಟರೆ ಹದಿನೈದೇ ಬಣ್ಣ. ಕೆಸರಿಗೆ ಮೂರು ಛಾಯೆ ಎತ್ತಿಟ್ಟುಕೊಂಡು ಉಳಿದದ್ದನ್ನು ಏಡಿಗೆ ಕೊಡಿ.