ಅಪ್‌ಡೇಟ್: ಕಾರಿನೊಳಗಿನ ಟೈರ್ ಸದ್ದು ಕಡಿಮೆಯಾಯ್ತು

ತುಮಕೂರು ಹೆದ್ದಾರಿಯಲ್ಲಿ ಸ್ಪೀಡು 80 ದಾಟಿದರೆ ಹಿಂದೆ ಕೂತ ಅಮ್ಮನ ಮಾತೇ ಕೇಳಿಸಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ನೀವು ಹೇಳಿದಂತೆ ಮೊದಲು ನಾಲ್ಕೂ ಬಾಗಿಲಿಗೆ ಬ್ಯುಟೈಲ್ ಶೀಟ್ (ಒಂದು ಥರದ ರಬ್ಬರ್ ಹಾಳೆ) ಅಂಟಿಸಿದೆ. ಬಾಗಿಲು ಹಾಕಿದಾಗ ಬರುತ್ತಿದ್ದ ಡಬ್ಬದ ಸದ್ದು ಹೋಯ್ತು, ಟೈರಿನ ಗುಂಯ್ ಮಾತ್ರ ಹಾಗೇ ಉಳೀತು. ಬ್ಯುಟೈಲ್ ತಡೆಯೋದು ತಗಡಿನ ನಡುಕವನ್ನು. ಗಾಳಿಯಲ್ಲಿ ಬರುವ ಸದ್ದಿಗೆ ಭಾರದ ಪದರ ಬೇಕು. ಹಿಂದಿನ ಚಕ್ರಗಳ ಮೇಲ್ಭಾಗ, ಡಿಕ್ಕಿಯ ತಳದಲ್ಲಿ ಫೋಮ್ ಹಾಸಿ, ಅದರ ಮೇಲೆ ಭಾರವಾದ ದಪ್ಪ ವಿನೈಲ್ (ಪ್ಲಾಸ್ಟಿಕ್) ಹಾಳೆ ಹಾಕಿದ ನಂತರವೇ ನಿಜವಾದ ವ್ಯತ್ಯಾಸ ಗೊತ್ತಾಗಿದ್ದು.

ಒಂದು ಎಚ್ಚರಿಕೆ: ಬಾಗಿಲ ಅಡಿಯಲ್ಲಿ ನೀರು ಇಳಿಯುವ ತೂತುಗಳನ್ನು ದಯವಿಟ್ಟು ಮುಚ್ಚಬೇಡಿ. ನಾನು ಎರಡು ಮುಚ್ಚಿಬಿಟ್ಟಿದ್ದೆ, ಮಳೆ ಬಂದಾಗ ಒಳಗೆ ನೀರು ನಿಂತಿತ್ತು. ಶೀಟ್ ಕತ್ತರಿಸಿ ಸರಿ ಮಾಡಿದೆ.

ಈಗ ಅಮ್ಮ ಮೆಲ್ಲಗೆ ಮಾತಾಡಿದರೂ ಕೇಳುತ್ತೆ. ಎಲ್ಲರಿಗೂ ತುಂಬಾ ಧನ್ಯವಾದ.