ಐರನ್-ಕಾರ್ಬನ್ ನಕ್ಷೆಯಲ್ಲಿ ಮಾರ್ಟೆನ್ಸೈಟ್ ಎಲ್ಲಿದೆ?

ಗದಗದ ಹುಡುಗ:
ಎಲ್ಲರಿಗೂ ನಮಸ್ಕಾರ. ಪುಣೆಯ ಆಕುರ್ಡಿಯಲ್ಲಿ ಎರಡನೇ ವರ್ಷ ಮೆಕ್ಯಾನಿಕಲ್ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಲೇಥ್, ವೆಲ್ಡಿಂಗ್ ಎಲ್ಲಾ ವರ್ಕ್‌ಶಾಪಿನಲ್ಲಿ ಕಣ್ಣೆದುರೇ ನಡೆಯುತ್ತವೆ, ತಲೆಗೆ ಹೋಗುತ್ತವೆ. ಮೆಟಲರ್ಜಿ ಮಾತ್ರ ಹೋಗುತ್ತಿಲ್ಲ. ಐರನ್-ಕಾರ್ಬನ್ ನಕ್ಷೆಯನ್ನು (ಎಷ್ಟು ಕಾರ್ಬನ್ ಇದ್ದರೆ, ಯಾವ ತಾಪದಲ್ಲಿ ಉಕ್ಕು ಯಾವ ರೂಪದಲ್ಲಿರುತ್ತದೆ ಎಂದು ತೋರಿಸುವುದು) ಕಣ್ಣು ಮುಚ್ಚಿ ಬರೆಯುತ್ತೇನೆ. 727, 1147 ಡಿಗ್ರಿ, 0.8, 2.11, 4.3 ಪರ್ಸೆಂಟ್ ಕಾರ್ಬನ್, ಎಲ್ಲಾ ಬಾಯಿಪಾಠ. ಓರಲ್ ಪರೀಕ್ಷೆಯಲ್ಲಿ ಎಕ್ಸ್‌ಟರ್ನಲ್ ಸರ್ ಕೇಳಿದರು, "ಇದರಲ್ಲಿ ಮಾರ್ಟೆನ್ಸೈಟ್ ಎಲ್ಲಿದೆ, ಬೆರಳಿಟ್ಟು ತೋರಿಸು." ಮಾರ್ಟೆನ್ಸೈಟ್ ಅಂದರೆ ಕಾದ ಉಕ್ಕನ್ನು ತಟ್ಟನೆ ತಣಿಸಿದಾಗ ಆಗುವ ಗಟ್ಟಿ ರೂಪ ಅಂತ ಓದಿದ್ದೆ. ಬೆರಳು ಎಲ್ಲಿ ಇಡಲಿ? ನಕ್ಷೆಯಲ್ಲಿ ಅದು ಇಲ್ಲವೇ ಇಲ್ಲ! ಹಾಗಾದರೆ ಈ ನಕ್ಷೆಯನ್ನು ಕಾರ್ಖಾನೆಯಲ್ಲಿ ಯಾರಾದರೂ ನೋಡುತ್ತಾರಾ, ಇಲ್ಲಾ ಸುಮ್ನೆ ಪರೀಕ್ಷೆಗೆ ಮಾತ್ರವಾ?

ನಿಗಡಿ ಫೈನಲ್ ಇಯರ್:
"ಇಲ್ಲ ಸರ್" ಅನ್ನುವುದೇ ಸರಿಯಾದ ಉತ್ತರ. ಅವರಿಗೆ ಬೇಕಾಗಿದ್ದೂ ಅದೇ. ನಮ್ಮ ಬ್ಯಾಚಿಗೂ ಇದನ್ನೇ ಕೇಳಿದ್ದರು. ಎನ್‌ಪಿಟಿಇಎಲ್‌ನಲ್ಲಿ ಐಐಟಿಯವರ ಪಾಠಗಳು ಪುಕ್ಕಟೆ ಇವೆ, ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ, ತಣಿಸಿ ಉಕ್ಕಿನ ಗುಣ ಬದಲಿಸುವುದು) ಭಾಗವನ್ನು ಮೊದಲು ನೋಡು. ಜರ್ನಲ್ ಮಾತ್ರ ಟೈಮಿಗೆ ಸಬ್‌ಮಿಟ್ ಮಾಡು ಮಾರಾಯ.

ಭೋಸರಿ ಭಟ್ಟಿ:
ತಮ್ಮಾ, ನಾನು ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಹೀಟ್ ಟ್ರೀಟ್‌ಮೆಂಟ್ ಶಾಪಿನ ಸೂಪರ್‌ವೈಸರ್. ಊರು ಬೈಲಹೊಂಗಲ ಕಡೆ. ನಿನ್ನ ನಕ್ಷೆಯನ್ನು ನಾವು ದಿನಾ ಬಳಸುತ್ತೇವೆ. ಆದರೆ ಅರ್ಧ ಕೆಲಸಕ್ಕೆ ಮಾತ್ರ.

ಆ ನಕ್ಷೆಯ ಎರಡು ಅಂಚು ನೋಡು. ಅಡ್ಡಕ್ಕೆ ಕಾರ್ಬನ್, ಉದ್ದಕ್ಕೆ ತಾಪ. ಸಮಯ ಎಲ್ಲಿದೆ? ಇಲ್ಲ. ಅದು ತೀರಾ ನಿಧಾನವಾಗಿ ತಣ್ಣಗಾಗುವ ಉಕ್ಕಿನ ನಕ್ಷೆ. ಮಾರ್ಟೆನ್ಸೈಟ್ ಹುಟ್ಟುವುದೇ ಅವಸರದಲ್ಲಿ. ಸಮಯವೇ ಇಲ್ಲದ ಕಡೆ ಅದು ಹೇಗೆ ಕಾಣಬೇಕು?

ಇಎನ್8 ಅನ್ನುವ ಉಕ್ಕಿನ ಒಂದೇ ರಾಡಿನ ಮೂರು ತುಂಡು ತಗೋ. ಕಾರ್ಬನ್ ಸುಮಾರು 0.4 ಪರ್ಸೆಂಟ್. ಮೂರನ್ನೂ 850 ಡಿಗ್ರಿಗೆ ಕಾಯಿಸು. ಒಂದನ್ನು ಭಟ್ಟಿಯಲ್ಲೇ ಬಿಟ್ಟು ಭಟ್ಟಿ ಆರಿಸು, ಅದು ಅನೀಲಿಂಗ್. ಇನ್ನೊಂದನ್ನು ಹೊರಗೆ ಗಾಳಿಗಿಡು, ನಾರ್ಮಲೈಸಿಂಗ್. ಮೂರನೆಯದನ್ನು ನೀರಿಗೆ ಹಾಕು. ಮೊದಲನೆಯದು ಎಷ್ಟು ಮೆತ್ತಗೆ ಅಂದರೆ ಗಟ್ಟಿತನ ಅಳೆಯುವ ರಾಕ್‌ವೆಲ್ ಸಿ ಸ್ಕೇಲ್ (ಎಚ್‌ಆರ್‌ಸಿ) ಅದಕ್ಕೆ ಉಪಯೋಗವಿಲ್ಲ. ಮೂರನೆಯದು ಸಣ್ಣ ತುಂಡಾದರೆ 50 ಎಚ್‌ಆರ್‌ಸಿ ದಾಟುತ್ತದೆ. ಕಾರ್ಬನ್ ಅದೇ, ಕಾಯಿಸಿದ್ದೂ ಅಷ್ಟೇ. ತಣಿಸಿದ ವೇಗ ಮಾತ್ರ ಬೇರೆ.

ಒಳಗೆ ಆಗುವುದೇನು? ಕೆಂಪಗೆ ಕಾದಾಗ ಕಬ್ಬಿಣದ ಪರಮಾಣುಗಳ ಜೋಡಣೆ ಎಫ್‌ಸಿಸಿ (ಘನದ ಮೂಲೆಗಳಲ್ಲೂ ಪ್ರತಿ ಮುಖದ ನಡುವೆಯೂ ಒಂದೊಂದು), ಅದೇ ಆಸ್ಟೆನೈಟ್. ಅದರಲ್ಲಿ ಕಾರ್ಬನ್‌ಗೆ ಜಾಗ ಇದೆ, ಹೆಚ್ಚೆಂದರೆ 2.11 ಪರ್ಸೆಂಟ್. ತಣ್ಣಗಾದಾಗ ಬರುವ ಫೆರೈಟ್ ಬಿಸಿಸಿ (ಮೂಲೆಗಳಲ್ಲೂ ಘನದ ನಟ್ಟನಡುವೆಯೂ ಒಂದೊಂದು). ಅಲ್ಲಿ 0.02ರಷ್ಟೇ ಹಿಡಿಸುತ್ತದೆ. ಉಳಿದದ್ದು ಹೊರಬೀಳಬೇಕು. ನಿಧಾನವಾಗಿ ತಣಿದರೆ ಅದು ಕಬ್ಬಿಣದ ಜೊತೆ ಸೇರಿ ಸಿಮೆಂಟೈಟ್ ಎಂಬ ಸಂಯುಕ್ತವಾಗಿ, ಫೆರೈಟ್ ಜೊತೆ ಪದರ ಪದರವಾಗಿ ಕೂರುತ್ತದೆ. ಅದೇ ಪರ್ಲೈಟ್. ನೀರಿಗೆ ಹಾಕಿದರೆ, ಬೆಳಗಿನ ಲೋಣಾವಳಾ ಲೋಕಲ್‌ನಲ್ಲಿ ಚಿಂಚವಾಡಕ್ಕೆ ಇಳಿಯಬೇಕಾದವರು ಬಾಗಿಲಿಗೆ ಬರುವ ಮೊದಲೇ ಗಾಡಿ ಹೊರಟಂತೆ. ಕಾರ್ಬನ್ ಒಳಗೇ ಸಿಕ್ಕಿಬೀಳುತ್ತದೆ, ಜೋಡಣೆಯನ್ನೇ ಒಂದು ದಿಕ್ಕಿಗೆ ಎಳೆಯುತ್ತದೆ. ಬಿಸಿಟಿ (ಒಂದು ದಿಕ್ಕಿಗೆ ಉದ್ದವಾದ ಬಿಸಿಸಿ) ಅಂತ ನೀನು ಓದಿದ್ದು ಇದೇ, ಅದೇ ಮಾರ್ಟೆನ್ಸೈಟ್. ಗಟ್ಟಿ, ಆದರೆ ಪೆಳಸು, ಸುಲಭವಾಗಿ ಒಡೆಯುತ್ತದೆ. ಅದಕ್ಕೇ ಕ್ವೆಂಚ್ (ತಟ್ಟನೆ ತಣಿಸುವುದು) ಆದ ಮೇಲೆ ತಡಮಾಡದೆ ಟೆಂಪರಿಂಗ್‌ಗೆ, ಅಂದರೆ ಪೆಳಸು ಕಡಿಮೆಯಾಗಲು ಮತ್ತೆ ಹದವಾಗಿ ಕಾಯಿಸಲು, ಹಾಕುತ್ತೇವೆ.

ನಿನ್ನ ನಕ್ಷೆ ಹೇಳುವುದು ಎಲ್ಲಿಯವರೆಗೆ ಕಾಯಿಸಬೇಕು ಎಂದು. ಇಎನ್8ಗೆ ಎ3 ಗೆರೆಯ (ಅದನ್ನು ದಾಟಿದರೆ ಪೂರ್ತಿ ಆಸ್ಟೆನೈಟ್) ಮೇಲೆ 30-50 ಡಿಗ್ರಿ. 0.8ಕ್ಕಿಂತ ಜಾಸ್ತಿ ಕಾರ್ಬನ್ ಇದ್ದರೆ 727ರ ಗೆರೆಯ ಸ್ವಲ್ಪ ಮೇಲೆ ಸಾಕು, ಪೂರ್ತಿ ಆಸ್ಟೆನೈಟ್ ಮಾಡಲು ಹೋಗಬಾರದು. (ಕೆಲವು ಪುಸ್ತಕದಲ್ಲಿ 0.8, ಕೆಲವದರಲ್ಲಿ 0.76 ಇರುತ್ತದೆ. ಅದಕ್ಕೆ ಜಗಳ ಬೇಡ.) ಗಿಯರ್ ಮಾಡುವ 20ಎಂಎನ್‌ಸಿಆರ್5 ಉಕ್ಕಿನಲ್ಲಿ ಕಾರ್ಬನ್ 0.2 ಮಾತ್ರ. 920 ಡಿಗ್ರಿ ಹತ್ತಿರ ಕಾರ್ಬರೈಸ್ ಮಾಡಿ (ಹೊರಗಿನಿಂದ ಕಾರ್ಬನ್ ಸೇರಿಸಿ) ಮೇಲ್ಮೈಯನ್ನು 0.8ಕ್ಕೆ ತರುತ್ತೇವೆ. ಯಾಕೆ 0.8? ಅದಕ್ಕಿಂತ ತುಂಬಾ ಮೇಲೆ ಹೋದರೆ ಕಣಗಳ ಅಂಚಿನಲ್ಲಿ ಸಿಮೆಂಟೈಟ್ ಬಲೆ ಕಟ್ಟುತ್ತದೆ, ಗಿಯರ್ ಹಲ್ಲು ಚಕ್ಕೆ ಏಳುತ್ತದೆ. ನೀನು ಬಾಯಿಪಾಠ ಮಾಡಿದ ಅಂಕಿ ನಮಗೆ ಹೀಗೆ ಕೆಲಸಕ್ಕೆ ಬರುತ್ತದೆ.

ಹೇಗೆ ತಣಿಸಬೇಕು ಅನ್ನುವುದಕ್ಕೆ ಟಿಟಿಟಿ ನಕ್ಷೆ (ಟೈಮ್-ಟೆಂಪರೇಚರ್-ಟ್ರಾನ್ಸ್‌ಫರ್ಮೇಷನ್, ಇದರಲ್ಲಿ ಸಮಯದ ಅಂಚು ಇದೆ) ಬೇಕು. ಡೇವನ್‌ಪೋರ್ಟ್ ಮತ್ತು ಬೇನ್ ಅದನ್ನು 1930ರಲ್ಲಿ ಪ್ರಕಟಿಸಿದರು. ಎರಡೂ ನಕ್ಷೆ ಪಕ್ಕ ಪಕ್ಕ ಇಟ್ಟುಕೊಂಡು ಓದು. ಸಿಲಬಸ್ಸಿನ ಬೇರೆ ಬೇರೆ ಯೂನಿಟ್ಟಿನಲ್ಲಿ ಹಾಕಿ ಕಲಿಸುವುದೇ ತಪ್ಪು ಅಂತ ನನ್ನ ಅಭಿಪ್ರಾಯ.

ಉದ್ಯಮಬಾಗ್ ಅಕ್ಕ:
ಹೀಟ್ ಟ್ರೀಟ್‌ಮೆಂಟ್‌ನವರು ಯಾವತ್ತೂ ನಕ್ಷೆಯ ಎಡಗಡೆಯ (ಕಾರ್ಬನ್ ಕಡಿಮೆ ಇರುವ ಕಡೆಯ) ಬಗ್ಗೆ ಮಾತ್ರ ಮಾತಾಡುತ್ತಾರೆ! ನಾನು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿದ್ದೆ (ಎರಕದ ಕಾರ್ಖಾನೆ), ಈಗ ಚಾಕಣದಲ್ಲಿ. ನಮ್ಮ ಊಟ ನಡೆಯುವುದು 4.3ರ ಹತ್ತಿರ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಬೇಕು. 4.3 ಪರ್ಸೆಂಟ್ ಕಾರ್ಬನ್ ಸೇರಿದರೆ 1147 ಸಾಕು. ಎರಕದ ಕಬ್ಬಿಣ ಸಣ್ಣ ಮೂಲೆಗೂ ಹರಿದು ಅಚ್ಚು ತುಂಬುವುದು ಇದೇ ಕಾರಣಕ್ಕೆ. ಅದಕ್ಕೆ 2 ಪರ್ಸೆಂಟ್ ಆಸುಪಾಸು ಸಿಲಿಕಾನ್ ಇರುತ್ತದೆ, ಕಾರ್ಬನ್ ಸಿಮೆಂಟೈಟ್ ಆಗುವ ಬದಲು ಗ್ರಾಫೈಟ್ ಆಗಲಿ ಎಂದು. ಸ್ವಲ್ಪ ಮೆಗ್ನೀಷಿಯಂ ಕೊಟ್ಟರೆ ಗ್ರಾಫೈಟ್ ಉಂಡೆ ಉಂಡೆಯಾಗುತ್ತದೆ, ಅದೇ ಎಸ್‌ಜಿ (ಸ್ಫೆರಾಯ್ಡಲ್ ಗ್ರಾಫೈಟ್) ಐರನ್. ಮೆಗ್ನೀಷಿಯಂ ಕುದಿಯುವುದೇ 1090ಕ್ಕೆ, ಹಾಗಾಗಿ ಲೇಡಲ್‌ನಲ್ಲಿ (ಕರಗಿದ ಕಬ್ಬಿಣದ ಪಾತ್ರೆ) ಬೆಳಕು, ಹೊಗೆ, ಗದ್ದಲ. ನೋಡಲು ಚೆಂದ, ದೂರ ನಿಂತು ನೋಡಬೇಕು.

ಕಿರ್ಲೋಸ್ಕರ್ ಲಕ್ಷ್ಮಣರಾಯರು ನಮ್ಮ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು ಗೊತ್ತಲ್ವಾ? 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದರು. ಕಬ್ಬಿಣದ ನೇಗಿಲಿನಿಂದಲೇ ಹೆಸರಾದರು.

ಗದಗದ ಹುಡುಗ:
ಸರ್, ಅಕ್ಕಾ, ತುಂಬಾ ಥ್ಯಾಂಕ್ಸ್. ಸಮಯದ ಅಂಚೇ ಇಲ್ಲ ಅನ್ನುವುದನ್ನು ಯಾರೂ ಹೇಳಿರಲಿಲ್ಲ. ಇನ್ನೊಂದು ಡೌಟು. ಇಎನ್24 ಅನ್ನುವ ಉಕ್ಕು ಎಣ್ಣೆಯಲ್ಲಿ ತಣಿಸಿದರೇ ಗಟ್ಟಿಯಾಗುತ್ತದೆ, ಇಎನ್8ಗೆ ನೀರು ಬೇಕು. ಕಾರ್ಬನ್ ಎರಡರಲ್ಲೂ ಹತ್ತಿರ ಹತ್ತಿರ ಅಷ್ಟೇ ಇದೆ. ಯಾಕೆ? ಮತ್ತೆ, ಇದನ್ನೆಲ್ಲ ಕೈಯಾರೆ ನೋಡಲು ದಾರಿ ಇದೆಯಾ?

ಭೋಸರಿ ಭಟ್ಟಿ:
ಇಎನ್24ರಲ್ಲಿ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಇವೆ. ಇವು ಪರ್ಲೈಟ್ ಹುಟ್ಟುವುದನ್ನು ತಡಮಾಡುತ್ತವೆ. ಟಿಟಿಟಿ ನಕ್ಷೆಯ ಮೂಗು (ಪರ್ಲೈಟ್ ಅತಿ ಬೇಗ ಹುಟ್ಟುವ ಜಾಗ) ಬಲಕ್ಕೆ, ಅಂದರೆ ಹೆಚ್ಚು ಸಮಯದ ಕಡೆಗೆ ಸರಿಯುತ್ತದೆ, ಎಣ್ಣೆಯ ನಿಧಾನ ಸಾಕಾಗುತ್ತದೆ. ನೀರಿಗೆ ಹಾಕಿದರೆ ಬಿರುಕು ಬಿಡುವ ಭಯ. ನಿಮ್ಮ ಲ್ಯಾಬಿನಲ್ಲಿ ಜಾಮಿನಿ ಟೆಸ್ಟ್ ಇರುತ್ತದಲ್ಲ, 25 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ರಾಡಿಗೆ ಕೆಳಗಿನಿಂದ ನೀರು ಚಿಮ್ಮಿಸುವುದು? ಎರಡೂ ಉಕ್ಕಿಗೆ ಮಾಡಿಸು. ನೀರು ಬಿದ್ದ ತುದಿಯಿಂದ ದೂರ ಹೋದಂತೆ ಗಟ್ಟಿತನ ಅಳೆದು ಗೆರೆ ಎಳೆದರೆ, ಇಎನ್8ರ ಗೆರೆ ಬೇಗ ಬೀಳುತ್ತದೆ, 24ರದ್ದು ಬಹಳ ದೂರ ಮಟ್ಟಸ ಇರುತ್ತದೆ.

ಕೈಯಾರೆ ನೋಡಬೇಕಾ? ಪುಣೆಯ ಹಳೆ ಸಾಮಾನಿನ ಸಂತೆ ಜೂನಾ ಬಜಾರಿನಲ್ಲಿ ಒಳ್ಳೆಯ ಹಳೆಯ ಅರ (ಫೈಲ್) ಒಂದು ತಗೋ. ಅದರಲ್ಲಿ ಕಾರ್ಬನ್ 1 ಪರ್ಸೆಂಟಿನ ಮೇಲೆ ಇರುತ್ತದೆ. ವರ್ಕ್‌ಶಾಪಿನ ಸ್ಮಿಥಿಯ ಕುಲುಮೆಯಲ್ಲಿ ಕಾಯಿಸುತ್ತಾ ನಡುನಡುವೆ ಮ್ಯಾಗ್ನೆಟ್ ಹಿಡಿದು ನೋಡು. ಮ್ಯಾಗ್ನೆಟ್ ಅಂಟುವುದು ನಿಂತರೆ ಆಸ್ಟೆನೈಟ್ ಬಂತು ಅಂತ ತಿಳಿ. ಬೂದಿಯಲ್ಲಿ ಹುಗಿದು ರಾತ್ರಿಯಿಡೀ ಬಿಡು. ಮರುದಿನ ಹ್ಯಾಕ್ಸಾ ಬ್ಲೇಡ್ ಅದನ್ನು ಕೊಯ್ಯುತ್ತದೆ. ಮತ್ತೆ ಕಾಯಿಸಿ ನೀರಿಗೆ ಹಾಕು, ಬ್ಲೇಡ್ ಜಾರುತ್ತದೆ. ಸೇಫ್ಟಿ ಕನ್ನಡಕ ಹಾಕಿಕೋ, ಇನ್‌ಸ್ಟ್ರಕ್ಟರ್ ಪಕ್ಕದಲ್ಲಿರಲಿ.

ಶಾಪ್ ನೋಡಬೇಕಾದರೆ ಕಾಲೇಜಿನ ಪತ್ರ ತಗೊಂಡು ಬಾ. ಗುರುವಾರ ಬೇಡ, ಎಂಐಡಿಸಿಗೆ ರಜೆ. ಕಾಸರವಾಡಿ ಸ್ಟೇಷನ್ನಿನಲ್ಲಿ ಇಳಿದರೆ ಶೇರ್ ರಿಕ್ಷಾ ಸಿಗುತ್ತದೆ. ಕಾಟನ್ ಬಟ್ಟೆ, ಚರ್ಮದ ಶೂ ಹಾಕಿಕೊಂಡು ಬಾ. ಚಪ್ಪಲಿ ಹಾಕಿಕೊಂಡು ಬಂದರೆ ಗೇಟಿನಿಂದಲೇ ವಾಪಸ್.